ಟೈಮಿಂಗ್ ಬಿಗಿ ಮಾಡುವ ಖುಷಿ

ಇವತ್ತು ಮತ್ತೆ ಬಯಾಸ್ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಪುಟ) ತೆರೆದು ಕೂತಿದ್ದೇನೆ. ಡಿಡಿಆರ್4 ರ‍್ಯಾಮ್‌ನ ಟೈಮಿಂಗ್ ಬಿಗಿ ಮಾಡುವ ಕೆಲಸ, ಅಂದರೆ ಅದು ಕಾಯಿಸುವ ಹೊತ್ತನ್ನು ಕಡಿಮೆ ಮಾಡುವುದು. ನನಗೆ ಇದು ತುಂಬಾ ಇಷ್ಟ.

ಕೇಳಿದ ಡೇಟಾ ಕೊಡುವ ಮೊದಲು ರ‍್ಯಾಮ್ ಎಷ್ಟು ಕಾಯಿಸುತ್ತದೆ ಅನ್ನುವ ಸಂಖ್ಯೆಯೇ ಸಿಎಲ್. ಸಿಎಲ್ 16 ಯಾವಾಗಲೂ ಸಿಎಲ್ 18ಕ್ಕಿಂತ ಚುರುಕು ಅಂತ ಸುಮಾರು ಜನ ನಂಬಿದ್ದಾರೆ. ಆದರೆ ಆ ಸಂಖ್ಯೆ ಸಮಯ ಅಲ್ಲ, ಕ್ಲಾಕ್ ಸೈಕಲ್‌ಗಳ, ಅಂದರೆ ರ‍್ಯಾಮ್‌ನ ಗಡಿಯಾರದ ಬಡಿತಗಳ ಎಣಿಕೆ. ವೇಗ ಹೆಚ್ಚಿದಷ್ಟೂ ಒಂದೊಂದು ಬಡಿತ ಚಿಕ್ಕದು. ಹಾಗಾಗಿ 3200ರ ವೇಗದಲ್ಲಿ ಸಿಎಲ್ 16 ಇದ್ದರೂ 3600ರಲ್ಲಿ ಸಿಎಲ್ 18 ಇದ್ದರೂ ಲೆಕ್ಕ ಹಾಕಿದರೆ 10 ನ್ಯಾನೊಸೆಕೆಂಡೇ ಬರುತ್ತದೆ. ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಸಾಗುವ ಡೇಟಾ) ಮಾತ್ರ 3600ರಲ್ಲಿ ಜಾಸ್ತಿ.

ನನ್ನನ್ನು ಹಿಡಿದಿಡುವುದು ಟಿಆರ್‌ಎಫ್‌ಸಿ ಅನ್ನುವ ಇನ್ನೊಂದು ಟೈಮಿಂಗ್. ರ‍್ಯಾಮ್‌ನ ಪ್ರತಿ ಬಿಟ್ಟೂ ಒಂದು ಪುಟ್ಟ ಕೆಪಾಸಿಟರ್‌ನಲ್ಲಿರುವ ಚಾರ್ಜ್. ಅದು ಸದಾ ಸೋರುತ್ತಲೇ ಇರುತ್ತದೆ, ತೂತು ಬಿದ್ದ ಕೊಡದ ಹಾಗೆ. ಸಾಮಾನ್ಯ ಬಿಸಿಯಲ್ಲಿ 64 ಮಿಲಿಸೆಕೆಂಡ್ ಒಳಗೆ ಎಲ್ಲವನ್ನೂ ಮತ್ತೆ ತುಂಬಬೇಕು. ಹೀಗೆ ತುಂಬುವುದೇ ರಿಫ್ರೆಶ್. ಒಂದೊಂದು ಸಲದ ರಿಫ್ರೆಶ್‌ಗೆ ಕೊಡುವ ಸಮಯವೇ ಟಿಆರ್‌ಎಫ್‌ಸಿ. ನಾವು ಸುಮ್ನೆ ಒಂದು ಫೋಟೊ ನೋಡುತ್ತಾ ಕೂತಾಗಲೂ ಒಳಗೆ ಇಷ್ಟೆಲ್ಲ ದುಡಿಮೆ ನಡೆದಿರುತ್ತದೆ ಅಲ್ವಾ? ಇದನ್ನು ನೆನೆದಾಗಲೆಲ್ಲ ಅಚ್ಚರಿಯಾಗುತ್ತದೆ.

ಬಿಸಿ ಏರಿದರೆ ಸೋರಿಕೆಯೂ ಏರುತ್ತದೆ. ವೋಲ್ಟೇಜ್ ಏರಿಸಿದರೆ ಬಿಸಿ ಏರುತ್ತದೆ. ಹಾಗಾಗಿ ವೋಲ್ಟೇಜ್ ಏರಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಡಿಡಿಆರ್4ರ ಮಾಮೂಲಿ ವೋಲ್ಟೇಜ್ 1.2. ಎಕ್ಸ್‌ಎಂಪಿ ಪ್ರೊಫೈಲ್‌ಗಳಲ್ಲಿ (ತಯಾರಕರೇ ಕೊಡುವ ಸಿದ್ಧ ಸೆಟ್ಟಿಂಗ್‌ಗಳಲ್ಲಿ) ಹೆಚ್ಚಾಗಿ 1.35 ಇರುತ್ತದೆ. ಅದಕ್ಕೂ ಮೇಲೆ ಹೋಗುವುದಾದರೆ ಮೊದಲು ರ‍್ಯಾಮ್ ಮೇಲೆ ಗಾಳಿ ಆಡಲಿ. ಟೆಸ್ಟನ್ನೂ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗಿರುವಾಗಲೇ ಓಡಿಸಿ. ತಣ್ಣಗಿದ್ದಾಗ ಪಾಸಾದ ಸೆಟ್ಟಿಂಗ್ ಗೇಮ್ ನಡುವೆ ಕೈಕೊಡಬಹುದು. ಕಂಪ್ಯೂಟರ್ ನಿಂತುಹೋದರೆ ಪರವಾಗಿಲ್ಲ, ತಪ್ಪು ಬಿಟ್ ಸದ್ದಿಲ್ಲದೆ ಫೈಲ್‌ಗೆ ಸೇರಿಬಿಟ್ಟರೆ ಕಷ್ಟ.

ಈಗ ಟಿಆರ್‌ಎಫ್‌ಸಿ ಒಂದನ್ನೇ ಇಳಿಸಿ ಮೆಮ್‌ಟೆಸ್ಟ್ (ರ‍್ಯಾಮ್‌ನ ತಪ್ಪು ಹುಡುಕುವ ಪ್ರೋಗ್ರಾಂ) ಹಾಕಿದ್ದೇನೆ. ಬೇರೆ ಯಾವುದನ್ನೂ ಮುಟ್ಟಿಲ್ಲ. ಎರರ್ ಬಂದರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ.