ಮೀರಾ ಮುಖರ್ಜಿ ಮಾಡಿದ್ದು ಬರೀ ಡೋಕ್ರಾ ಕೆಲಸವೇ?

ಶಿಲ್ಪಕಲೆಯ ತರಗತಿಯಲ್ಲಿ ಮೀರಾ ಮುಖರ್ಜಿಯವರ ಕಂಚಿನ ಕೃತಿಗಳ ಚಿತ್ರ ತೋರಿಸಿದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: "ಇದು ಬಸ್ತಾರಿನವರ ಡೋಕ್ರಾ ಕೆಲಸವಲ್ಲವೇ, ಇದರಲ್ಲಿ ಇವರದ್ದೇನಿದೆ?" ಡೋಕ್ರಾ ಎಂದರೆ ಮೇಣದಲ್ಲಿ ರೂಪ ಮಾಡಿ, ಅದನ್ನು ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುವ ಬುಡಕಟ್ಟಿನವರ ಎರಕದ ಪದ್ಧತಿ; ಶಿಲ್ಪಿ ಮೀರಾ ಅದನ್ನು ಕಲಿತದ್ದು ಛತ್ತೀಸ್‌ಗಢದ ಬಸ್ತಾರಿನಲ್ಲಿ. ಬಾಯಿಮಾತಿನಲ್ಲಿ ನಯವಾಗಿ ಉತ್ತರಿಸಿ ಸಾಕಾಗಿದೆ, ಬರೆದೇ ಹೇಳಿಬಿಡುತ್ತೇನೆ.

ಒಮ್ಮೆ ಬೆಂಗಳೂರಿನಲ್ಲಿ ಉಪನ್ಯಾಸ ಮುಗಿಸಿ ಇಳಿಯುತ್ತಿದ್ದಂತೆ ಹಿರಿಯರೊಬ್ಬರು ತಮ್ಮ ಮನೆಯ ಷೋಕೇಸಿನಲ್ಲಿರುವ ಡೋಕ್ರಾ ಕುದುರೆಯ ಫೋಟೋ ತೋರಿಸಿ, "ಮೇಷ್ಟ್ರೇ, ಇದನ್ನು 800 ರೂಪಾಯಿಗೆ ತಂದೆ, ಅವರದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?" ಎಂದರು. ಸುತ್ತಲಿದ್ದವರು ನಕ್ಕರು. ನನಗೆ ಸಿಟ್ಟು ಬಂತು, ಏಕೆಂದರೆ ಆ ಒಂದು ಮಾತಿನಲ್ಲಿ ಮೀರಾ ಅವರಿಗೂ ಕುದುರೆ ಮಾಡಿದವನಿಗೂ ಒಟ್ಟಿಗೇ ಅವಮಾನವಾಗಿತ್ತು.

ಆ ಕುದುರೆಯನ್ನೇ ನೋಡಿ. ಬಸ್ತಾರಿನ ಘಡವಾ ಎಂಬ ಎರಕದ ಸಮುದಾಯದ ಕುಶಲಕರ್ಮಿ ಮೊದಲು ಮಣ್ಣಿನಲ್ಲಿ ಒಳರೂಪ ಮಾಡಿ ಒಣಗಿಸುತ್ತಾನೆ. ಮೇಣವನ್ನು ನೂಲಿನಂತೆ ಎಳೆದು ಅದರ ಮೇಲೆ ಒತ್ತೊತ್ತಾಗಿ ಸುತ್ತುತ್ತಾನೆ. ನುಣುಪು ಮಣ್ಣು ಸವರಿ, ಮೇಲೆ ಒರಟು ಮಣ್ಣು ಮೆತ್ತಿ ಕಾಯಿಸುತ್ತಾನೆ. ಮೇಣ ಕರಗಿಹೋದ ಜಾಗಕ್ಕೆ ಲೋಹ ಇಳಿಯುತ್ತದೆ. ಅಚ್ಚು ಒಡೆದಾಗ ಪ್ರತಿಯೊಂದು ಎಳೆಯೂ ಹಾಗೆಯೇ ಉಳಿದಿರುತ್ತದೆ, ಒಡೆದ ಅಚ್ಚು ಮತ್ತೊಂದು ಕುದುರೆಗೆ ಬರುವುದಿಲ್ಲ. ಕುದುರೆಯ ಮೈಮೇಲೆ ಆ ಎಳೆ ಜೀನಾಗುತ್ತದೆ, ಕೊರಳ ಸರವಾಗುತ್ತದೆ, ಅಲಂಕಾರವಾಗುತ್ತದೆ.

ಮೀರಾ ಅವರ ಕೈಯಲ್ಲಿ ಅದೇ ಎಳೆ ದೇಹದ ಚಲನೆಯಾಯಿತು. ಅವರ ಬಾವುಲ್ ಗಾಯಕರು (ಬಂಗಾಳದ ಅಲೆಮಾರಿ ಹಾಡುಗಾರರು), ಅಂಬಿಗರು, ನೇಕಾರರು, ಕೂಲಿಯಾಳುಗಳು ಇವರ ಮೈಮೇಲೆ ಎಳೆಗಳು ಕುಣಿತದ ದಿಕ್ಕಿಗೆ, ದುಡಿಮೆಯ ಸೆಳೆತಕ್ಕೆ ತಕ್ಕಂತೆ ಹರಿಯುತ್ತವೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೂರ್ತಿಗಳ ಈ ಪದ್ಧತಿಯನ್ನು ಅವರು ಎಷ್ಟರ ಮಟ್ಟಿಗೆ ಹಿಗ್ಗಿಸಿದರೆಂಬುದು 1972ರ "ಕಳಿಂಗದಲ್ಲಿ ಅಶೋಕ" ಶಿಲ್ಪದಲ್ಲಿ ಕಾಣುತ್ತದೆ. ದೆಹಲಿಯ ಐಟಿಸಿ ಮೌರ್ಯ ಹೋಟೆಲಿನಲ್ಲಿರುವ ಆ ಶಿಲ್ಪ ಆಳೆತ್ತರವನ್ನೂ ಮೀರಿದ್ದು, ಭಾಗಭಾಗವಾಗಿ ಎರಕ ಹೊಯ್ದು ಜೋಡಿಸಿದ್ದು. ಅಷ್ಟು ದೊಡ್ಡ ಕೆಲಸದಲ್ಲಿ ಪ್ರತಿ ಭಾಗವೂ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗಿದ್ದು ಪಕ್ಕದ ಭಾಗಕ್ಕೆ ಹೊಂದಬೇಕು. ಎರಕದ ಕೆಲಸ ಮಾಡಿದವರಿಗೆ ಆ ಆತಂಕ ಗೊತ್ತು.

ನಿಜಕ್ಕೂ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ. ಕಲ್ಕತ್ತೆಯಲ್ಲಿ 1923ರಲ್ಲಿ ಹುಟ್ಟಿ, 1953ರಿಂದ 1956ರವರೆಗೆ ಜರ್ಮನಿಯ ಮ್ಯೂನಿಕ್ ಅಕಾಡೆಮಿಯಲ್ಲಿ ಓದಿ ಬಂದವರು ಬಸ್ತಾರಿನ ಅಂಗಳದಲ್ಲಿ ಶಿಷ್ಯೆಯಾಗಿ ಏಕೆ ಕುಳಿತರು? ನನಗೆ ತೋರುವ ಕಾರಣ ಇದು: ಯುರೋಪಿನಲ್ಲಿ ಸಾಮಾನ್ಯವಾಗಿ ಶಿಲ್ಪಿ ಮಾದರಿ ಮಾಡಿಕೊಡುತ್ತಾನೆ, ಎರಕದ ಕಾರ್ಖಾನೆಯವರು ಅದನ್ನು ಕಂಚಿಗೆ ಇಳಿಸುತ್ತಾರೆ. ಘಡವಾಗಳಲ್ಲಿ ಮೇಣ, ಮಣ್ಣು, ಬೆಂಕಿ ಮೂರೂ ಒಂದೇ ಮನೆಯವರ ಕೈಯಲ್ಲಿರುತ್ತವೆ. ದುಡಿಯುವವರ ಮೂರ್ತಿಗಳನ್ನು ಮತ್ತೆ ಮತ್ತೆ ಮಾಡಿದ ಶಿಲ್ಪಿಗೆ ಆ ದುಡಿಮೆಯಿಂದ ಕೈ ಬಿಡಿಸಿಕೊಳ್ಳುವುದು ಸರಿಯೆನಿಸಿರಲಾರದು.

ಇನ್ನು "ಬುಡಕಟ್ಟಿನವರದ್ದನ್ನು ಎತ್ತಿಕೊಂಡರು" ಎನ್ನುವವರಿಗೆ ಒಂದು ಮಾತು. ಮೀರಾ ಅವರು 1960ರ ದಶಕದಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಗಾಗಿ ದೇಶದ ಲೋಹಕರ್ಮಿಗಳನ್ನು ಹುಡುಕಿಕೊಂಡು ಹೋಗಿ, ಅವರ ಪದ್ಧತಿಗಳನ್ನು ದಾಖಲಿಸಿದರು. ಅದು 1978ರಲ್ಲಿ ಪುಸ್ತಕವಾಗಿ ಬಂತು. ಗುರುಗಳ ವಿದ್ಯೆಯನ್ನು ತನ್ನದೆಂದು ಹೇಳಿಕೊಳ್ಳುವವರು ಗುರುಗಳ ಬಗ್ಗೆಯೇ ಗ್ರಂಥ ಬರೆಯುವ ಕಷ್ಟ ತೆಗೆದುಕೊಳ್ಳುವುದಿಲ್ಲ.