ಗಣಿಯೊಳಗಿನ ರೇಡಿಯೊಗೆ ಎರಡನೆಯ ದಾರಿ

ಮುಂಬೈಯ ಸುರಂಗಗಳಲ್ಲಿ ರೇಡಿಯೊ ಕೇಬಲ್ ಅಳವಡಿಸುವ ಕೆಲಸ ನನ್ನದು. ಮಾಟುಂಗದ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು, ಅವರ ಮನೆತನದವರು ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು, ಅಷ್ಟು ಆಳದಲ್ಲಿರುವವನಿಗೆ ಮೇಲಿನ ಮಾತು ತಲುಪುವುದು ಹೇಗೆ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ತುಸು ವಿಸ್ತರಿಸಿದ್ದೇನೆ.

ವಾಕಿಟಾಕಿಯ 150 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು ಬಂಡೆಯೊಳಗೆ ಕೆಲವೇ ಮೀಟರ್ ಸಾಗುವಷ್ಟರಲ್ಲಿ ಅಡಗಿಹೋಗುತ್ತವೆ. ಹಾಗಾಗಿ ಗಣಿಯ ಗೋಡೆಯುದ್ದಕ್ಕೂ ‘ಲೀಕಿ ಫೀಡರ್’ ಎಳೆಯುತ್ತಾರೆ. ಇದು ಹೊರಗಿನ ತಾಮ್ರದ ಕವಚದಲ್ಲಿ ಬೇಕೆಂದೇ ಸೀಳುಗಳನ್ನು ಬಿಟ್ಟ ಕೋಆಕ್ಸಿಯಲ್ (ನಡುವೆ ತಂತಿ, ಸುತ್ತ ಲೋಹದ ಕವಚವಿರುವ) ಕೇಬಲ್; ಆ ಸೀಳುಗಳಿಂದ ಸೋರುವ ಸಂಕೇತವನ್ನು ಹತ್ತಿರದ ಹ್ಯಾಂಡ್‌ಸೆಟ್ ಹಿಡಿಯುತ್ತದೆ, ಅದರ ಉತ್ತರವೂ ಅದೇ ಕೇಬಲ್ ಸೇರುತ್ತದೆ. ಕೆಲವು ನೂರು ಮೀಟರಿಗೊಂದು, ಸಂಕೇತವನ್ನು ಬಲಪಡಿಸುವ ಆಂಪ್ಲಿಫಯರ್ ಇರುತ್ತದೆ, ಅದಕ್ಕೆ ಬೇಕಾದ ವಿದ್ಯುತ್ತೂ ಈ ಕೇಬಲ್‌ನಲ್ಲೇ ಹರಿಯುತ್ತದೆ. ಕಲ್ಲಿದ್ದಲು ಗಣಿಯಲ್ಲಾದರೆ, ಕಿಡಿ ಹಾರಿದರೂ ಮೀಥೇನ್ ಹೊತ್ತಿಕೊಳ್ಳದಷ್ಟು ಕಡಿಮೆ ಶಕ್ತಿಯಲ್ಲಿ ಇವೆಲ್ಲ ನಡೆಯಬೇಕು.

ದಿನನಿತ್ಯದ ಕೆಲಸಕ್ಕೆ ಇದು ಒಳ್ಳೆಯ ವ್ಯವಸ್ಥೆ. ಆದರೆ ಛಾವಣಿ ಕುಸಿದರೆ ಮೊದಲು ತುಂಡಾಗುವುದು ಕೇಬಲ್ಲೇ, ನನ್ನ ಆತಂಕವೂ ಅದೇ. 2006ರ ಜನವರಿ 2ರಂದು ಅಮೆರಿಕದ ವೆಸ್ಟ್ ವರ್ಜಿನಿಯಾದ ಸಾಗೊ ಗಣಿಯಲ್ಲಿ ಸ್ಫೋಟವಾದಾಗ ಮೇಲಿನವರೊಂದಿಗೆ ಮಾತನಾಡುವ ದಾರಿಯೇ ಇಲ್ಲದೆ ಹೋಯಿತು. ಒಳಗೆ ಸಿಲುಕಿದವರು ವಿಷಗಾಳಿ ತಡೆಯಲು ಪರದೆ ಕಟ್ಟಿಕೊಂಡು ಕುಳಿತು, ಛಾವಣಿಯ ಬೋಲ್ಟ್‌ಗೆ ಸುತ್ತಿಗೆಯಿಂದ ಬಡಿದು ಬಡಿದು ಸಂಕೇತ ಕೊಟ್ಟರು. ಮೇಲಿನಿಂದ ಮರುದನಿ ಬರಲಿಲ್ಲ. ಆ ದುರಂತದಲ್ಲಿ 12 ಮಂದಿ ಸತ್ತರು, ಒಬ್ಬರು ಮಾತ್ರ ಬದುಕಿದರು. ಅದೇ ವರ್ಷ ಬಂದ ಕಾನೂನು, ಅಪಘಾತದ ನಂತರವೂ ಉಳಿಯುವ ನಿಸ್ತಂತು ಸಂಪರ್ಕವನ್ನು ಗಣಿಗಳಿಂದ ಕೇಳಿತು.

ಬಂಡೆಯನ್ನೇ ದಾಟಿ ಹೋಗುವ ಅಲೆಗಳೂ ಇವೆ. ಆವರ್ತನವನ್ನು, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಬಾರಿ ಮಿಡಿಯುತ್ತದೆ ಎಂಬುದನ್ನು, ಕೆಲವು ನೂರು ಹರ್ಟ್ಸ್‌ಗೆ ಇಳಿಸಿದರೆ ಸಂಕೇತ ನೂರಾರು ಮೀಟರ್ ನೆಲವನ್ನು ತೂರಿಕೊಂಡು ಇಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ‘ಪೆಡ್’ ಎಂಬ ಎಚ್ಚರಿಕೆ ವ್ಯವಸ್ಥೆ ಹೀಗೆಯೇ ಕೆಲಸ ಮಾಡುತ್ತದೆ: ದೊಡ್ಡ ಆಂಟೆನಾ ಸುರುಳಿಯಿಂದ ಹೊರಟ ಚಿಕ್ಕ ಬರಹದ ಸಂದೇಶ ಕಾರ್ಮಿಕನ ಬಳಿಯಿರುವ ಗ್ರಾಹಕವನ್ನು ಮುಟ್ಟಿ, ಅವನ ಟೋಪಿಯ ದೀಪವನ್ನು ಮಿನುಗಿಸುತ್ತದೆ. 1998ರಲ್ಲಿ ಯೂಟಾದ ವಿಲೋ ಕ್ರೀಕ್ ಗಣಿಗೆ ಬೆಂಕಿ ಬಿದ್ದಾಗ ಈ ಎಚ್ಚರಿಕೆ ಸಿಕ್ಕಿತು, ಎಲ್ಲರೂ ಹೊರಬಂದರು.

ಪೆಡ್‌ನಲ್ಲಿ ಕೆಳಗಿರುವವನು ತಿರುಗಿ ಮಾತನಾಡಲು ಆಗುವುದಿಲ್ಲ, ಏಕೆಂದರೆ ಅಷ್ಟು ದೊಡ್ಡ ಆಂಟೆನಾವನ್ನು ಯಾರೂ ಹೊತ್ತು ತಿರುಗಲಾರರು. ಆದರೂ ‘ಎಡಗಡೆ ಹೊಗೆಯಿದೆ, ಬಲಗಡೆಯಿಂದ ಬನ್ನಿ’ ಎಂಬ ಒಂದು ಸಾಲು ತಲುಪಿದರೆ ಸಾಕು. ಅದಕ್ಕಾಗಿ ಪ್ರತಿ ಆಳದ ಗಣಿಯೂ ಲೀಕಿ ಫೀಡರ್ ಜೊತೆಗೆ ಇದನ್ನೂ ಇಟ್ಟುಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ.