ಗವಂತಿಯ ಚೌಕ ಕೊನೆಗೂ ಕೂತಿತು

ಕಸೂತಿಯ ಗವಂತಿ ಹೊಲಿಗೆಯಲ್ಲಿ (ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಬಿಟ್ಟ ಜಾಗವನ್ನು ಎರಡನೇ ಸಲ ತುಂಬುವುದು) ಹಾಕುತ್ತಿರುವ ಗೋಪುರದ ಚಿತ್ತಾರ ಇನ್ನೂ ಮುಗಿದಿಲ್ಲ. ಆದರೆ ಅದರ ಬುಡದ ಚೌಕ ನಿನ್ನೆ ರಾತ್ರಿ ಬಟ್ಟೆಯ ಎರಡೂ ಕಡೆ ಒಂದೇ ಥರ ಬಂತು! ಹಾಕಿ ಬಿಚ್ಚಿ, ಹಾಕಿ ಬಿಚ್ಚಿ ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ಆ ಮೂಲೆಯಲ್ಲಿ ತೂತುಗಳೇ ಅಗಲವಾಗಿಬಿಟ್ಟಿದ್ದವು.

ಕಸೂತಿ ಪುಸ್ತಕ ನಮ್ಮ ಬಡಾವಣೆಯ ಗ್ರಂಥಾಲಯದ್ದು, ಕಸೂತಿ ಕೆಲಸದ ಪುಸ್ತಕಗಳಿರುವ 746.44ರ ಸಾಲಿನಲ್ಲಿ ಸಿಕ್ಕಿದ್ದು. ಗಂಟು ಹಾಕದೆ ಶುರು ಮಾಡುವುದು, ಎಳೆ ಎಣಿಸುವುದು, ಮುರ್ಗಿ ಎಂಬ ಅಂಕುಡೊಂಕು ಹೊಲಿಗೆಯ ಮೆಟ್ಟಿಲು ಎಲ್ಲ ಕಸೂತಿ ಹಾಕುವವರಿಗೆ ಗೊತ್ತಿರೋದೇ. ನೇರ ಗೆರೆಯಲ್ಲಿ ಗವಂತಿ ತಂಟೆ ಮಾಡಲ್ಲ: ಹೋಗುವಾಗ ಬಿಟ್ಟ ಜಾಗ ಬರುವಾಗ ತುಂಬುತ್ತದೆ. ಕವಲು ಬಂದರೆ ಅದರ ತುದಿ ಮುಟ್ಟಿ ವಾಪಸು ಬಂದು ಮುಂದೆ ಹೋದರಾಯ್ತು. ಚೌಕದಲ್ಲಿ ಮಾತ್ರ, ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ಹೊರಟರೆ ಸೂಜಿ ಹಾಕಿದ ಹೊಲಿಗೆಯ ಮೇಲೇ ಬಂದು ಕೂರುತ್ತಿತ್ತು. ಒಂದು ಕಡೆ ದಪ್ಪ, ಪಕ್ಕದ್ದು ಖಾಲಿ. ಎರಡೆಳೆ ದಾರ ಬಿಟ್ಟು ಒಂದೆಳೆ ಮಾಡಿದೆ, ಬೇರೆ ಮೂಲೆಯಿಂದ ಶುರು ಮಾಡಿದೆ, ಊಹೂಂ. ತಲೆ ಕೆಡಿಸಿದ್ದು ಏನೆಂದರೆ, ಕಳಶದ ಪಕ್ಕದ ಪುಟ್ಟ ತ್ರಿಕೋನ ಇದೇ ರೀತಿಯಲ್ಲಿ ಎರಡು ಸುತ್ತಿಗೆ ಸೊಗಸಾಗಿ ಬಂದಿತ್ತು.

ಅಷ್ಟರಲ್ಲಿ 15 ದಿನ ಮುಗಿದು ಪುಸ್ತಕ ವಾಪಸು ಕೊಟ್ಟೆ. ಮರುವಾರ ಹೋದರೆ ಇನ್ಯಾರೋ ಒಯ್ದಿದ್ದರು. ಮತ್ತೆ ಕೈಗೆ ಸಿಕ್ಕಾಗ ಕಡೆಯ ಪುಟದ ಚೀಟಿಯಲ್ಲಿ ನನ್ನ ಎರಡು ತಾರೀಕುಗಳ ನಡುವೆ ಹೊಸದೊಂದು ಮೊಹರು. ಗೋಪುರದ ಚಿತ್ರದಲ್ಲಿ, ಚೌಕದ ಎಡಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಪೆನ್ಸಿಲ್ ಬಾಣ. ಬಂದ ದಾರಿಗೇ ತಿರುಗಿತ್ತು!

ಆಮೇಲೆ ಕೂತು ಎಣಿಸಿದೆ. ಮೇಲಿನದು, ಕೆಳಗಿನದು ಎರಡೂ ಸೇರಿ ಚೌಕಕ್ಕೆ 16 ಹೊಲಿಗೆ, ಸಮಸಂಖ್ಯೆ. ಅದೇ ದಿಕ್ಕಿನಲ್ಲಿ ಮತ್ತೆ ಸುತ್ತಿದರೆ 17ನೆಯ ಹೊಲಿಗೆ ಮೊದಲನೆಯದರ ಮೇಲೇ ಬೀಳುತ್ತದೆ. ತ್ರಿಕೋನಕ್ಕೆ 3, ಬೆಸ. ಹಾಗಾಗಿ ಎರಡನೇ ಸುತ್ತಿಗೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ತಾನಾಗಿ ಬದಲಾಗುತ್ತದೆ. ಚೌಕದಲ್ಲಿ ಸುತ್ತು ಮುಗಿದ ತಕ್ಷಣ ಹಿಂದಕ್ಕೆ ತಿರುಗಬೇಕು. ಹಿಂದಕ್ಕೆ ತಿರುಗಿದರೆ ಸಮವೋ ಬೆಸವೋ ಎಣಿಸುವ ಗೋಜೂ ಇಲ್ಲ, ಎರಡಕ್ಕೂ ಸರಿಹೋಗುತ್ತದೆ.

ಗ್ರಂಥಾಲಯದ ಪುಸ್ತಕದಲ್ಲಿ ಗೀಚುವವರ ಮೇಲೆ ನನಗೆ ಸಿಟ್ಟೇ. ಈ ಬಾಣವನ್ನು ಮಾತ್ರ ಅಳಿಸಲು ಮನಸ್ಸು ಬರಲಿಲ್ಲ.

ಕೆಂಪು ದಾರದ ಕಥೆ ಬೇರೆ. ಬಣ್ಣ ಬಿಡಲ್ಲ ಅಂತ ಅಂಗಡಿಯವರು ಖಂಡಿತವಾಗಿ ಹೇಳಿ ಕೊಟ್ಟ ಲಡಿ, ತಣ್ಣೀರಿಗೆ ಹಾಕಿದ್ದೇ ತಡ, ಮಾದರಿ ತುಂಡನ್ನೆಲ್ಲ ಗುಲಾಬಿ ಮಾಡಿತು. ಆರು ಲಡಿ ತಂದಿದ್ದೆ. ಬಿಳಿ ಬಟ್ಟೆಗೆ ಹಾಕುವವರು ದಯವಿಟ್ಟು ಒಂದು ತುಂಡು ದಾರ ನೆನೆಸಿ ನೋಡಿಯೇ ಶುರು ಮಾಡಿ. ಕಪ್ಪು ಚಂದ್ರಕಾಳಿ ಸೀರೆಯ ಮೇಲಾದರೆ ಕಾಣುತ್ತಿರಲಿಲ್ಲವೇನೋ.

ಈ ಸಲ 641.5ರ ಅಡುಗೆ ಪುಸ್ತಕಗಳ ಸಾಲಿನಿಂದಲೂ ಒಂದು ತಂದಿದ್ದೇನೆ. ಅರಿಸಿನದ ಬೆರಳಚ್ಚು ಇರುವ ಪುಟದಲ್ಲೇ ತೆರೆದುಕೊಳ್ಳುತ್ತದೆ, ಗೊಜ್ಜವಲಕ್ಕಿ. ಅದು ಈ ಭಾನುವಾರಕ್ಕೆ. ಅದಾದ ಮೇಲೆ ಮೂರನೆಯ ಮಂಗರಸನ ಸೂಪಶಾಸ್ತ್ರ ಹುಡುಕಬೇಕು. 16ನೇ ಶತಮಾನದಲ್ಲಿ ಅಡುಗೆಯನ್ನು ಷಟ್ಪದಿಯಲ್ಲಿ ಬರೆದವನು. ಅವನ ಬದನೆಕಾಯಿಯ ಪಾಕಗಳಲ್ಲಿ ಒಂದನ್ನಾದರೂ ಒಲೆಗೆ ಏರಿಸುವ ಆಸೆ.

ಶುಕ್ರವಾರ ಕಸೂತಿ ಪುಸ್ತಕ ವಾಪಸು. ಎರಡೂ ಬದಿ ಸರಿಯಾಗಿ ಬಂದ ಒಂದು ಪುಟ್ಟ ಚೌಕವನ್ನು ಕತ್ತರಿಸಿ, ಆ ಬಾಣದ ಪುಟದಲ್ಲೇ ಇಟ್ಟು ಕೊಡುತ್ತೇನೆ.